ವಂಶವಾಹಿಯಲ್ಲಿದೆ, ಆದರೆ ವಂಶದಲ್ಲಿಲ್ಲ

ಮಾಂಸಖಂಡ, ಕೊಬ್ಬಿನಂಥ ಮೃದು ಅಂಗಾಂಶದ ಕ್ಯಾನ್ಸರನ್ನು ಬೆಳೆಸುವ ವಂಶವಾಹಿಯೊಂದು ಪತ್ತೆಯಾಗಿದೆ, ಅದು ಜೀವಕೋಶದೊಳಗಿನ ಸಂಕೇತ ವ್ಯವಸ್ಥೆಯನ್ನು ಕೈವಶ ಮಾಡಿಕೊಂಡು ಗಡ್ಡೆಯನ್ನು ಹಿಗ್ಗಿಸುತ್ತದೆ. ಇಂಥ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ. ಮರುದಿನ ವಾಟ್ಸಾಪಿಗೆ ಬರುವಾಗ ತಲೆಬರಹ ಮಾತ್ರ ಉಳಿದಿರುತ್ತದೆ. ವಂಶವಾಹಿಯ ಹೆಸರು ಪ್ರತಿ ಸಲವೂ ಬೇರೆ. ಕಾಸರಗೋಡಿನ ಕಡೆ ಅದನ್ನು ಓದಿದವರಲ್ಲಿ ಏಳುವ ಪ್ರಶ್ನೆಗಳು ಮಾತ್ರ ಅವೇ ಮೂರು. ಹಾಗಾದರೆ ಇದು ಮನೆತನದಲ್ಲಿ ಬರುವ ಕಾಯಿಲೆಯೇ? ವಂಶವಾಹಿಯೇ ಕಾರಣವಾದರೆ ಇಲ್ಲಿನ ಗೇರು ತೋಟಗಳಿಗೆ ಸುರಿದ ಕೀಟನಾಶಕ ಎಂಡೋಸಲ್ಫಾನಿನ ಪಾಲೇನೂ ಇಲ್ಲವೇ? ಕಾರಣ ಸಿಕ್ಕಿತೆಂದ ಮೇಲೆ ಮದ್ದೂ ಬಂತೇ?

ಮೂರು ಪ್ರಶ್ನೆಗಳೂ ನ್ಯಾಯವಾದವೇ. ಆದರೆ ಮೂರೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟುತ್ತವೆ. ಆ ತಪ್ಪಿನಲ್ಲಿ ನಮ್ಮ ಭಾಷೆಯ ಪಾಲೂ ಸ್ವಲ್ಪ ಇದೆ.

ಗೊಂದಲ ಪದದಲ್ಲೇ ಇದೆ

ಜೀನ್ ಎಂಬುದಕ್ಕೆ ವಂಶವಾಹಿ ಎಂಬ ಪದ ಚೆನ್ನಾಗಿಯೇ ಒಗ್ಗಿದೆ. ತೊಂದರೆ ಎಂದರೆ ಪದದೊಳಗೆ ವಂಶ ಕುಳಿತುಬಿಟ್ಟಿದೆ. ‘ವಂಶವಾಹಿಯ ದೋಷದಿಂದ ಕ್ಯಾನ್ಸರ್’ ಎಂದು ಓದಿದವರ ಕಿವಿಗೆ ‘ವಂಶದ ದೋಷದಿಂದ ಕ್ಯಾನ್ಸರ್’ ಎಂದು ಕೇಳಿಸಿದರೆ ಅದು ಅವರ ತಪ್ಪಲ್ಲ.

ಗಡಿಯಲ್ಲಿ ಎರಡು ಭಾಷೆಯ ಪತ್ರಿಕೆ ಓದುವವರು ಇದನ್ನು ಸುಲಭವಾಗಿ ಗುರುತಿಸಬಹುದು. ಮಲಯಾಳದಲ್ಲಿ ಜೀನಿಗೆ ಸಂಬಂಧಪಟ್ಟದ್ದು ‘ಜನಿತಕ’, ಮನೆತನದಿಂದ ಇಳಿದು ಬಂದದ್ದು ‘ಪಾರಂಪರ್ಯ’. ಎರಡು ಬೇರೆ ಪದ, ಎರಡು ಬೇರೆ ಸಂಗತಿ. ಕನ್ನಡದಲ್ಲಿ ವಂಶವಾಹಿಯೂ ಆನುವಂಶಿಕವೂ ಒಂದೇ ಬೇರಿನಿಂದ ಚಿಗುರಿದವು. ಅದಕ್ಕೇ ಒಂದೇ ಸುದ್ದಿಯನ್ನು ಬದಿಯಡ್ಕದಲ್ಲಿ ಕನ್ನಡದಲ್ಲಿ ಓದಿದವರಿಗೂ ಕಾಞಂಗಾಡಿನಲ್ಲಿ ಮಲಯಾಳದಲ್ಲಿ ಓದಿದವರಿಗೂ ಆಗುವ ಅಂಜಿಕೆ ಒಂದೇ ಆಗಿರಬೇಕಿಲ್ಲ.

ಇದು ಬರೀ ಪದಗಳ ಜಿಜ್ಞಾಸೆಯೂ ಅಲ್ಲ. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದರೆ ಹೆಣ್ಣು ಕೊಡುವಾಗ, ತರುವಾಗ ಅದನ್ನು ಮುಚ್ಚಿಡುವ ರೂಢಿ ನಮ್ಮಲ್ಲಿದೆ. ಮುಚ್ಚಿಡುವವರು ಪರೀಕ್ಷೆಯನ್ನೂ ಮುಂದೂಡುತ್ತಾರೆ. ತೊಡೆಯ ಗಂಟನ್ನು ಆರು ತಿಂಗಳು ಸೀರೆಯ ಮರೆಯಲ್ಲಿ ಇಟ್ಟುಕೊಂಡರೆ, ಗಂಟು ಆರು ತಿಂಗಳಷ್ಟು ಬೆಳೆದಿರುತ್ತದೆ.

ವ್ಯತ್ಯಾಸ ಹೀಗಿದೆ. ಬಿತ್ತಿದ ಅಡಿಕೆಯಲ್ಲೇ ದೋಷವಿದ್ದರೆ ಅದರಿಂದ ಎದ್ದ ಮರದ ಬುಡದಿಂದ ಸಿರಿಯವರೆಗೆ, ಪ್ರತಿ ಗೊನೆಯಲ್ಲೂ ಆ ದೋಷ ಇರುತ್ತದೆ, ಮುಂದಿನ ಸಸಿಗೂ ಹೋಗಬಹುದು. ಹದಿನೈದು ವರ್ಷ ಚೆನ್ನಾಗಿ ಫಲ ಕೊಟ್ಟ ಮರದ ಒಂದು ಸೋಗೆಗೆ ಮಾತ್ರ ಏನೋ ಆದರೆ ಅದು ಆ ಸೋಗೆಯ ಪಾಡು. ಮನುಷ್ಯನ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ವಂಶವಾಹಿಗಳ ಪೂರ್ತಿ ಪ್ರತಿಯೊಂದು ಇರುತ್ತದೆ. ಕೋಶ ಎರಡಾಗುವಾಗಲೆಲ್ಲ ಆ ಪ್ರತಿಯನ್ನು ಮತ್ತೆ ನಕಲು ಮಾಡಬೇಕು. ನಲವತ್ತೈದನೆಯ ವಯಸ್ಸಿನಲ್ಲಿ ತೊಡೆಯ ಒಂದು ಕೋಶದಲ್ಲಿ ನಕಲು ತಪ್ಪಿದರೆ ಆ ತಪ್ಪು ಆ ಕೋಶದಲ್ಲಿ, ಅದರ ಮರಿಕೋಶಗಳಲ್ಲಿ ಮಾತ್ರ. ರಕ್ತದಲ್ಲಿಲ್ಲ, ಅಂಡಾಣು ವೀರ್ಯಾಣುಗಳಲ್ಲಿಲ್ಲ, ಮಕ್ಕಳಿಗೆ ದಾಟುವುದಿಲ್ಲ. ಮೃದು ಅಂಗಾಂಶದ ಕ್ಯಾನ್ಸರುಗಳಲ್ಲಿ ಬಹುಪಾಲು ಈ ಎರಡನೆಯ ಜಾತಿಯವು.

ಅಪವಾದಗಳಿವೆ, ಅವನ್ನು ಹೇಳದಿದ್ದರೆ ಮೋಸವಾಗುತ್ತದೆ. 1969ರಲ್ಲಿ ಅಮೆರಿಕದ ಫ್ರೆಡರಿಕ್ ಲೀ ಮತ್ತು ಜೋಸೆಫ್ ಫ್ರೌಮೆನಿ ಎಂಬ ವೈದ್ಯರು ಕೆಲವು ಕುಟುಂಬಗಳಲ್ಲಿ ಮಕ್ಕಳಿಗೆ ಸಾರ್ಕೋಮಾ ಎಂಬ ಮೃದು ಅಂಗಾಂಶದ ಕ್ಯಾನ್ಸರು, ಎಳೆಯ ಪ್ರಾಯದ ತಾಯಂದಿರಿಗೆ ಸ್ತನದ ಕ್ಯಾನ್ಸರು ಹೀಗೆ ಒಟ್ಟೊಟ್ಟಿಗೆ ಬರುವುದನ್ನು ಗಮನಿಸಿದರು. ಅದಕ್ಕೆ ಕಾರಣ ಟಿಪಿ53 ಎಂಬ ಕಾವಲು ವಂಶವಾಹಿ ಹುಟ್ಟಿನಿಂದಲೇ ಕೆಟ್ಟಿರುವುದು ಎಂದು 1990ರಲ್ಲಿ ತಿಳಿಯಿತು. ಇನ್ನೊಂದು ಎನ್ಎಫ್1. ಸುಮಾರು 3000 ಶಿಶುಗಳಲ್ಲಿ ಒಂದಕ್ಕೆ ಇದರ ದೋಷ ಇರುತ್ತದೆ, ಮೈಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳು, ಚರ್ಮದ ಮೇಲೆ ಮೆತ್ತಗಿನ ಗುಳ್ಳೆಗಳು ಕಾಣುತ್ತವೆ. ಇವರಲ್ಲಿ ಕೆಲವರಿಗೆ ಮುಂದೆ ನರದ ಕವಚದ ಕ್ಯಾನ್ಸರು ಬರಬಹುದು. ಗಮನಿಸಬೇಕಾದ್ದು ಎಂದರೆ ಎನ್ಎಫ್1 ಕೆಟ್ಟಿರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ತಂದೆ ತಾಯಿಯಲ್ಲಿ ಆ ದೋಷವೇ ಇರುವುದಿಲ್ಲ.

ಯಾವುದು ಮೃದು, ಯಾವುದು ಕ್ಯಾನ್ಸರ್

ಮಾಂಸಖಂಡ, ಕೊಬ್ಬು, ರಕ್ತನಾಳ, ನರದ ಕವಚ, ಸ್ನಾಯುರಜ್ಜು, ಕೀಲಿನ ಸುತ್ತಲಿನ ಪದರ, ಹೀಗೆ ಎಲುಬನ್ನು ಬಿಟ್ಟು ದೇಹವನ್ನು ಹೊಲಿದು ಹಿಡಿದಿಡುವ ವಸ್ತುಗಳೆಲ್ಲ ಮೃದು ಅಂಗಾಂಶಗಳು. ಅವುಗಳ ಕ್ಯಾನ್ಸರಿಗೆ ಸಾರ್ಕೋಮಾ ಎಂದು ಹೆಸರು. ವಯಸ್ಕರ ಕ್ಯಾನ್ಸರುಗಳಲ್ಲಿ ಇದರ ಪಾಲು ಸುಮಾರು ಶೇ. 1. ಮಕ್ಕಳಲ್ಲಿ ಪಾಲು ಹೆಚ್ಚು. ಬಗೆಗಳು ಮಾತ್ರ 70ಕ್ಕೂ ಮೇಲೆ. ಒಂದೊಂದರ ಹಿಂದಿರುವ ವಂಶವಾಹಿಯೂ ಬೇರೆ ಬೇರೆ. ‘ಸಾರ್ಕೋಮಾದ ವಂಶವಾಹಿ ಪತ್ತೆ’ ಎಂಬ ತಲೆಬರಹ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ, ಎಪ್ಪತ್ತರಲ್ಲಿ ಯಾವುದರದ್ದು ಎಂಬುದೇ.

ಮೈಮೇಲೆ ಗಂಟು ಇದ್ದವರೆಲ್ಲ ಹೆದರಬೇಕಿಲ್ಲ. ಚರ್ಮದಡಿಯ ಗಂಟುಗಳಲ್ಲಿ ಬಹುತೇಕ ಬರೀ ಕೊಬ್ಬಿನ ಗಂಟುಗಳು, ನೂರಕ್ಕೆ ಒಂದು ಕೂಡ ಕ್ಯಾನ್ಸರ್ ಆಗಿರುವುದಿಲ್ಲ. ಅನುಮಾನಕ್ಕೆ ಎಡೆಕೊಡುವುದು 5 ಸೆಂಟಿಮೀಟರು ದಾಟಿದ್ದು, ಅಂದರೆ ಸುಲಿಯದ ದೊಡ್ಡ ಹಣ್ಣಡಿಕೆಯಷ್ಟಾದದ್ದು, ಇಲ್ಲವೇ ವಾರದಿಂದ ವಾರಕ್ಕೆ ಹಿಗ್ಗುತ್ತಿರುವುದು, ಇಲ್ಲವೇ ಮಾಂಸದ ಆಳದಲ್ಲಿ ಅಲುಗಾಡದೆ ಕೂತದ್ದು. ನೋವಿಲ್ಲ ಎಂಬುದು ಸಮಾಧಾನಕ್ಕೆ ಕಾರಣವಲ್ಲ. ಸಾರ್ಕೋಮಾ ಹೆಚ್ಚಾಗಿ ನೋಯದೆಯೇ ಬೆಳೆಯುತ್ತದೆ.

ತೋಟದ ಪಂಪು, ಮೊಬೈಲ್ ಸ್ಟಾರ್ಟರು

ಸಂಕೇತ ವ್ಯವಸ್ಥೆ ಎಂಬ ಮಾತು ಕೇಳಲು ಭಾರಿ. ಕೆಲಸ ಮಾತ್ರ ನಮ್ಮ ತೋಟಗಳಲ್ಲಿ ದಿನಾ ನಡೆಯುವಂಥದೇ.

ಈಗ ಬಹಳ ಮನೆಗಳಲ್ಲಿ ಪಂಪಿಗೆ ಮೊಬೈಲ್ ಸ್ಟಾರ್ಟರ್ ಇದೆ. ಪಂಪುಶೆಡ್ಡಿನ ಗೋಡೆಯಲ್ಲಿ ಸಿಮ್ ಹಾಕಿದ ಒಂದು ಪೆಟ್ಟಿಗೆ. ಮನೆಯ ಜಗಲಿಯಲ್ಲಿ ಕೂತು ಆ ನಂಬರಿಗೆ ಕರೆ ಮಾಡಿದರೆ ಪೆಟ್ಟಿಗೆ ಎಚ್ಚರವಾಗುತ್ತದೆ, ರಿಲೇ ಟಕ್ಕೆನ್ನುತ್ತದೆ, ಒಂದು ತಂತಿಯಿಂದ ಇನ್ನೊಂದಕ್ಕೆ ಕರೆಂಟು ದಾಟುತ್ತದೆ, ಮೋಟಾರು ತಿರುಗುತ್ತದೆ, ಸ್ಪ್ರಿಂಕ್ಲರಿನಲ್ಲಿ ನೀರು ಹಾರುತ್ತದೆ. ನಿಗದಿತ ಹೊತ್ತಾದ ಮೇಲೆ ಟೈಮರು ಅದನ್ನು ನಿಲ್ಲಿಸುತ್ತದೆ.

ಜೀವಕೋಶವೂ ಹೀಗೆಯೇ. ಗಾಯ ಮಾಯಬೇಕು, ಮಗು ಬೆಳೆಯಬೇಕು ಎಂಬಾಗ ದೇಹ ‘ಬೆಳವಣಿಗೆಯ ಅಂಶ’ ಎಂಬ ರಾಸಾಯನಿಕವನ್ನು ಕಳುಹಿಸುತ್ತದೆ. ಅದೇ ಕರೆ. ಕೋಶದ ಹೊರಪೊರೆಯ ಮೇಲಿನ ಗ್ರಾಹಿ ಪ್ರೋಟೀನು ಸಿಮ್ ಪೆಟ್ಟಿಗೆ. ಕರೆ ಬಂದಾಗ ಎರಡು ಗ್ರಾಹಿಗಳು ಜೋಡಿಯಾಗಿ ಒಂದರ ಬಾಲಕ್ಕೆ ಇನ್ನೊಂದು ಫಾಸ್ಫೇಟ್ ಎಂಬ ಸಣ್ಣ ಗುರುತನ್ನು ಅಂಟಿಸುತ್ತವೆ. ಹೀಗೆ ಅಂಟಿಸುವ ಪ್ರೋಟೀನುಗಳಿಗೆ ಕೈನೇಸ್ ಎಂದು ಹೆಸರು. ಆ ಗುರುತನ್ನು ನೋಡಿ ಒಳಗಿನ ರಾಸ್ ಎಂಬ ರಿಲೇ ಚಾಲೂ ಆಗುತ್ತದೆ, ಅದು ಮುಂದಿನ ಕೈನೇಸಿಗೆ, ಅದು ಅದರ ಮುಂದಿನದಕ್ಕೆ ಸುದ್ದಿ ಮುಟ್ಟಿಸುತ್ತದೆ. ಕೊನೆಗೆ ಕೋಶಕೇಂದ್ರದಲ್ಲಿ ‘ಎರಡಾಗು’ ಎಂಬ ಆದೇಶ ಬಿಚ್ಚಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ನಿಲ್ಲಿಸುವ ಏರ್ಪಾಡೂ ಉಂಟು. ರಾಸನ್ನು ಆರಿಸುವ ಟೈಮರುಗಳಲ್ಲಿ ಒಂದು, ಆಗಲೇ ಹೇಳಿದ ಎನ್ಎಫ್1ರ ಪ್ರೋಟೀನು.

ಪಂಪು ನಿಲ್ಲದೆ ಓಡುತ್ತಿದೆ ಎಂದರೆ ಎಲ್ಲೋ ಕೆಟ್ಟಿದೆ. ಎಲ್ಲಿ ಎಂಬುದು ಗಡ್ಡೆಯಿಂದ ಗಡ್ಡೆಗೆ ಬೇರೆ. ಜಠರ ಮತ್ತು ಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್ ಎಂಬ ಸಾರ್ಕೋಮಾದಲ್ಲಿ ಕಿಟ್ ಎಂಬ ಗ್ರಾಹಿ ಕೆಟ್ಟಿರುತ್ತದೆ. ಕರೆ ಬಾರದಿದ್ದರೂ ಬಂದಂತೆ ಪೆಟ್ಟಿಗೆ ವರ್ತಿಸುತ್ತದೆ. ಚರ್ಮದ ಆಳದಲ್ಲಿ ನಿಧಾನವಾಗಿ ಹರಡುವ ಡಿಎಫ್‌ಎಸ್‌ಪಿ ಎಂಬ ಬಗೆಯಲ್ಲಿ ಪೆಟ್ಟಿಗೆ ಸರಿಯಾಗಿಯೇ ಇದೆ, ಆದರೆ 17 ಮತ್ತು 22ನೆಯ ವರ್ಣತಂತುಗಳ (ವಂಶವಾಹಿಗಳನ್ನು ಹೊತ್ತ ಎಳೆಗಳ) ತುಂಡುಗಳು ಅದಲುಬದಲಾಗಿ, ಕೋಶ ತನ್ನ ಬೆಳವಣಿಗೆಯ ಅಂಶವನ್ನು ತಾನೇ ಎಡೆಬಿಡದೆ ತಯಾರಿಸುತ್ತದೆ. ಪಂಪುಶೆಡ್ಡೇ ತನ್ನ ನಂಬರಿಗೆ ತಾನೇ ಕರೆ ಮಾಡುತ್ತ ಕೂತಂತೆ! ಶಿಶುಗಳಿಗೆ ಬರುವ ಒಂದು ಅಪರೂಪದ ಫೈಬ್ರೋಸಾರ್ಕೋಮಾದಲ್ಲಿ ಎನ್‌ಟಿಆರ್‌ಕೆ3 ಎಂಬ ಗ್ರಾಹಿಯ ಹೊರಭಾಗ ಕಡಿದುಹೋಗಿ, ಆ ಜಾಗಕ್ಕೆ ಬೇರೊಂದು ಪ್ರೋಟೀನಿನ ಅಂಟುವ ತುದಿ ಸೇರಿಕೊಂಡಿರುತ್ತದೆ. ಎರಡು ತಂತಿಗಳನ್ನು ಹೊಸೆದು ಬಿಟ್ಟರೆ ಸ್ವಿಚ್ಚಿನ ಅಗತ್ಯ ಎಲ್ಲಿದೆ? ಎನ್ಎಫ್1 ಇಲ್ಲದ ಕಡೆ ಟೈಮರೇ ಇಲ್ಲ.

ಇನ್ನೊಂದು ದಾರಿಯ ಹೆಸರು ಹಿಪ್ಪೊ. ಅಡಿಕೆ ಸಸಿಯಿಂದ ಸಸಿಗೆ ಒಂಬತ್ತು ಅಡಿ ಬಿಡುವ ಲೆಕ್ಕ ನಮ್ಮಲ್ಲಿದೆಯಲ್ಲ, ಕೋಶಗಳಿಗೂ ಅಂಥ ಅಂದಾಜು ಇದೆ. ಸುತ್ತ ಒತ್ತೊತ್ತಾಗಿ ಕೋಶಗಳಿದ್ದರೆ ಹಿಪ್ಪೊ ದಾರಿ ಚಾಲೂ ಆಗಿ, ಯಾಪ್ ಮತ್ತು ಟ್ಯಾಜ್ ಎಂಬ ಬೆಳೆಸುವ ಪ್ರೋಟೀನುಗಳನ್ನು ಕೋಶಕೇಂದ್ರದ ಹೊರಗೇ ತಡೆದು ನಿಲ್ಲಿಸುತ್ತದೆ. ರಕ್ತನಾಳದ ಒಂದು ಅಪರೂಪದ ಸಾರ್ಕೋಮಾದಲ್ಲಿ ಟ್ಯಾಜಿನ ವಂಶವಾಹಿ ಇನ್ನೊಂದರ ಜೊತೆ ಬೆಸೆದುಕೊಂಡು ಈ ತಡೆಗೆ ಸಿಗದೆ ಕೇಂದ್ರದೊಳಗೇ ಬೀಡುಬಿಡುತ್ತದೆ. ಜಾಗ ಇಲ್ಲದ ಕಡೆಯೂ ಸಸಿ ನೆಡುತ್ತ ಹೋಗುವ ಆಳಿನ ಹಾಗೆ.

ಇದಿಷ್ಟನ್ನೇ ವರದಿಗಾರರು ಒಂದು ಸಾಲಿಗೆ ಇಳಿಸಿ ‘ವಂಶವಾಹಿ ಸಂಕೇತಗಳ ಮೂಲಕ ಗಡ್ಡೆಯನ್ನು ಬೆಳೆಸುತ್ತದೆ’ ಎನ್ನುವುದು. ಸಾಲು ಸುಳ್ಳಲ್ಲ. ಆದರೆ ಸ್ವಿಚ್ಚು ಸುಟ್ಟಿದೆ ಎಂದು ಹೇಳುತ್ತದೆ, ಯಾಕೆ ಸುಟ್ಟಿತು ಎಂದು ಹೇಳುವುದಿಲ್ಲ. ಈ ವ್ಯತ್ಯಾಸ ಮುಂದೆ ಎಂಡೋಸಲ್ಫಾನಿನ ಮಾತಿಗೆ ಬಂದಾಗ ಬೇಕಾಗುತ್ತದೆ.

ಕೋಳಿ, ಇಲಿ, ಬೆಕ್ಕು, ಮಂಗ

ನೂರರಲ್ಲಿ ಒಂದಾದ ಈ ಕ್ಯಾನ್ಸರಿನ ಬಗ್ಗೆ ವಿಜ್ಞಾನಿಗಳು ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಯಾಕೆ? ಕ್ಯಾನ್ಸರ್ ವಂಶವಾಹಿಗಳ ಅರಿವು ಶುರುವಾದದ್ದೇ ಸಾರ್ಕೋಮಾದಿಂದ. 1909ರಲ್ಲಿ ರೈತನೊಬ್ಬ ಎದೆಯಲ್ಲಿ ಗಡ್ಡೆ ಎದ್ದಿದ್ದ ಕೋಳಿಯನ್ನು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗೆ ತಂದ. ಅಲ್ಲಿನ ಪೇಟನ್ ರೌಸ್ ಆ ಗಡ್ಡೆಯನ್ನು ಅರೆದು, ಕೋಶಗಳಾಗಲಿ ಬ್ಯಾಕ್ಟೀರಿಯಾಗಳಾಗಲಿ ದಾಟದಂತೆ ಸೋಸಿ, ಆ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವುಗಳಿಗೂ ಸಾರ್ಕೋಮಾ ಬಂತು. ಆ ರಸದಲ್ಲಿದ್ದದ್ದು ಒಂದು ವೈರಸ್ಸು. 1911ರಲ್ಲಿ ಇದು ಪ್ರಕಟವಾದಾಗ ಹೆಚ್ಚು ಮಂದಿ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ರೌಸ್ ಅವರಿಗೆ ನೊಬೆಲ್ ಸಿಗುವಾಗ 1966, ಅವರಿಗೆ 87 ವರ್ಷ.

ಆ ವೈರಸ್ಸಿನೊಳಗೆ ಗಡ್ಡೆ ಎಬ್ಬಿಸುತ್ತಿದ್ದ ವಂಶವಾಹಿಗೆ ಸಾರ್ಕೋಮಾ ಎಂಬುದನ್ನೇ ಮೊಟಕು ಮಾಡಿ ಸಾರ್ಕ್ ಎಂದು ಹೆಸರಿಟ್ಟರು. 1976ರಲ್ಲಿ ಮೈಕಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ ಅವರ ತಂಡ ತೋರಿಸಿದ್ದು ಇನ್ನೂ ದೊಡ್ಡ ಸಂಗತಿ: ಸಾರ್ಕ್ ವೈರಸ್ಸಿನ ಸ್ವಂತದ್ದಲ್ಲ, ಆರೋಗ್ಯವಂತ ಕೋಳಿಯಲ್ಲೇ ಇರುವ ವಂಶವಾಹಿ, ವೈರಸ್ಸು ಅದನ್ನು ಕದ್ದೊಯ್ದು ಕೆಡಿಸಿತ್ತು. ಅಂದರೆ ಕ್ಯಾನ್ಸರಿನ ವಂಶವಾಹಿ ಎಂದರೆ ಹೊರಗಿನಿಂದ ಬಂದ ಭೂತವಲ್ಲ, ಮನೆಯ ಕೆಲಸದವನೇ ಹದ ತಪ್ಪಿದ್ದು. 1989ರಲ್ಲಿ ಅವರಿಗೂ ನೊಬೆಲ್ ಬಂತು.

ಸಾರ್ಕ್ ಒಂದು ಕೈನೇಸ್ ಎಂದು ಆಮೇಲೆ ತಿಳಿಯಿತು. ರಾಸ್ ಎಂಬ ಹೆಸರು ಇಲಿಯ ಸಾರ್ಕೋಮಾದಿಂದ ಬಂದದ್ದು. ಕಿಟ್ ಮೊದಲು ಕಂಡದ್ದು ಬೆಕ್ಕಿನ ಸಾರ್ಕೋಮಾ ವೈರಸ್ಸಿನಲ್ಲಿ. ಮಂಗದ ಸಾರ್ಕೋಮಾ ವೈರಸ್ಸಿನಲ್ಲಿದ್ದ ಸಿಸ್ ಎಂಬುದು ಬೆಳವಣಿಗೆಯ ಅಂಶದ ವಂಶವಾಹಿಯೇ ಎಂದು 1983ರಲ್ಲಿ ಗೊತ್ತಾಯಿತು. ಡಿಎಫ್‌ಎಸ್‌ಪಿಯಲ್ಲಿ ತನ್ನ ನಂಬರಿಗೆ ತಾನೇ ಕರೆ ಮಾಡುವುದು ಇದೇ. ಶ್ವಾಸಕೋಶ, ಕರುಳು, ಮೇದೋಜೀರಕ ಗ್ರಂಥಿಯ ಕ್ಯಾನ್ಸರುಗಳಲ್ಲಿ ಇವತ್ತು ಪರೀಕ್ಷಿಸುವ ರಾಸ್ ವಂಶವಾಹಿ ಇಲಿಯ ಗಡ್ಡೆಯ ಹೆಸರನ್ನು ಹೊತ್ತುಕೊಂಡೇ ತಿರುಗುತ್ತಿದೆ.

ಸ್ವಿಚ್ಚು ಕೈಗೆ ಸಿಕ್ಕಿದ ಕಥೆ

1998ರಲ್ಲಿ ಜಪಾನಿನ ಒಸಾಕಾದ ಹಿರೋತಾ ಮತ್ತು ಕಿತಾಮುರಾ ಅವರ ತಂಡ ಜಿಸ್ಟ್ ಗಡ್ಡೆಗಳಲ್ಲಿ ಕಿಟ್ ಕೆಟ್ಟಿರುವುದನ್ನು ತೋರಿಸಿತು. ಅದೇ ಹೊತ್ತಿಗೆ ರಕ್ತದ ಕ್ಯಾನ್ಸರಿಗಾಗಿ ಇಮ್ಯಾಟಿನಿಬ್ ಎಂಬ ಗುಳಿಗೆ ತಯಾರಾಗುತ್ತಿತ್ತು. ಕೈನೇಸ್ ಕೆಲಸ ಮಾಡಬೇಕಾದರೆ ಎಟಿಪಿ ಎಂಬ ಇಂಧನದ ಕಣ ಅದರ ಒಂದು ಸಂದಿನಲ್ಲಿ ಕೂರಬೇಕು. ಇಮ್ಯಾಟಿನಿಬ್ ಹೋಗಿ ಆ ಸಂದಿನಲ್ಲಿ ಕೂತುಬಿಡುತ್ತದೆ. ಫ್ಯೂಸಿನ ಜಾಗದಲ್ಲಿ ಮರದ ತುಂಡು ಇಟ್ಟಂತೆ, ಸ್ವಿಚ್ಚು ಹಾಕಿಯೇ ಇದ್ದರೂ ಕರೆಂಟು ದಾಟುವುದಿಲ್ಲ. 2000ದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಜಿಸ್ಟ್ ಹರಡಿದ್ದ ಒಬ್ಬ ಮಹಿಳೆಗೆ ಮೊದಲು ಇದನ್ನು ಕೊಟ್ಟರು, ಕೆಲವೇ ವಾರಗಳಲ್ಲಿ ಗಡ್ಡೆಗಳು ಕುಗ್ಗಿದವು. 2002ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಅದುವರೆಗೆ ಹರಡಿದ ಜಿಸ್ಟ್ ಇದ್ದವರು ಬದುಕುತ್ತಿದ್ದದ್ದು ಸಾಮಾನ್ಯವಾಗಿ ಒಂದೂವರೆ ವರ್ಷ. ಅದು ಐದು ವರ್ಷದ ಹತ್ತಿರಕ್ಕೆ ಬಂತು.

ಭಾರತದ ಮಟ್ಟಿಗೆ ಕಥೆ ಕೋರ್ಟಿನಲ್ಲಿ ಮುಂದುವರಿಯಿತು. ಈ ಗುಳಿಗೆಯ ಹೊಸ ಹರಳು ರೂಪಕ್ಕೆ ನೊವಾರ್ಟಿಸ್ ಕಂಪನಿ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಆಗ ಕಂಪನಿಯ ಮದ್ದಿಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ, ಇಲ್ಲಿಯೇ ತಯಾರಾದದ್ದಕ್ಕೆ ಅದರ ಹತ್ತರಲ್ಲೊಂದಕ್ಕಿಂತಲೂ ಕಡಿಮೆ. ಆ ತೀರ್ಪು ಬೇರೆಯಾಗಿದ್ದರೆ ಹೆಲ್ಸಿಂಕಿಯ ಪವಾಡ ಹೆಲ್ಸಿಂಕಿಯಲ್ಲೇ ಉಳಿಯುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಿಟ್ ಕೆಟ್ಟಿದೆ ಎಂದು ಗೊತ್ತಾದರೆ ಸಾಲದು, ಎಲ್ಲಿ ಕೆಟ್ಟಿದೆ ಎಂದೂ ಗೊತ್ತಾಗಬೇಕು. ವಂಶವಾಹಿಯ 11ನೆಯ ಭಾಗದಲ್ಲಿ ಕೆಟ್ಟಿದ್ದರೆ ದಿನಕ್ಕೆ 400 ಮಿಲಿಗ್ರಾಂ ಚೆನ್ನಾಗಿ ಕೆಲಸ ಮಾಡುತ್ತದೆ. 9ನೆಯ ಭಾಗದಲ್ಲಿದ್ದರೆ ಅದರ ಎರಡರಷ್ಟು ಕೊಡುವುದುಂಟು. ಪಿಡಿಜಿಎಫ್‌ಆರ್‌ಎ ಎಂಬ ಅಣ್ಣತಮ್ಮನ ಮಗನಂಥ ವಂಶವಾಹಿಯ ಒಂದು ನಿರ್ದಿಷ್ಟ ಜಾಗ ಕೆಟ್ಟಿದ್ದರೆ ಇಮ್ಯಾಟಿನಿಬ್ ಎಷ್ಟು ತಿಂದರೂ ಪ್ರಯೋಜನವಿಲ್ಲ, ಆ ಸಂದಿನ ಆಕಾರವೇ ಬೇರೆ. ಪರೀಕ್ಷೆ ಮಾಡಿಸದೆ ಮದ್ದು ಶುರು ಮಾಡುವುದೆಂದರೆ ಯಾವ ಬೀಗ ಎಂದು ನೋಡದೆ ಕೀಲಿ ಕೊಟ್ಟಂತೆ.

ಮದ್ದು ತಾಗಿದ ಮೇಲೂ ಕಥೆ ಮುಗಿಯುವುದಿಲ್ಲ. ಸುಮಾರು ಎರಡು ವರ್ಷಗಳಲ್ಲಿ ಅರ್ಧದಷ್ಟು ಮಂದಿಯಲ್ಲಿ ಗಡ್ಡೆಯ ಕೆಲವು ಕೋಶಗಳು ಇನ್ನೊಂದು ಬದಲಾವಣೆ ಮಾಡಿಕೊಂಡು ಸಂದಿನ ಆಕಾರ ತಪ್ಪಿಸುತ್ತವೆ. ಆಗ ಸುನಿಟಿನಿಬ್, ರೆಗೊರಾಫೆನಿಬ್ ಎಂದು ಮುಂದಿನ ಗುಳಿಗೆಗಳಿಗೆ ಹೋಗಬೇಕು.

ಅದೇ ತರ್ಕ ಕೈಕೊಟ್ಟಾಗ

ಇಮ್ಯಾಟಿನಿಬ್ಬಿನ ಗೆಲುವು ಎಲ್ಲರ ತಲೆಯಲ್ಲಿ ಒಂದು ಸೂತ್ರ ಕೂರಿಸಿತು: ವಂಶವಾಹಿ ಹುಡುಕು, ತಡೆ, ಗೆಲ್ಲು. ಸುದ್ದಿಯ ತಲೆಬರಹಗಳು ಈಗಲೂ ಆ ಸೂತ್ರದ ಮೇಲೆಯೇ ಓಡುತ್ತವೆ. ಇದಕ್ಕೆ ತಣ್ಣೀರು ಎರಚಿದ್ದು ಒಲಾರಟುಮ್ಯಾಬ್.

ಅದು ಪಿಡಿಜಿಎಫ್‌ಆರ್‌ಎ ಗ್ರಾಹಿಯನ್ನು ಹೊರಗಿನಿಂದ ಮುಚ್ಚುವ ಚುಚ್ಚುಮದ್ದು. 133 ರೋಗಿಗಳ ಒಂದು ಅಧ್ಯಯನದಲ್ಲಿ ಹಳೆಯ ಕೀಮೋದ ಜೊತೆ ಇದನ್ನೂ ಕೊಟ್ಟವರು 26.5 ತಿಂಗಳು, ಬರೀ ಕೀಮೋ ಪಡೆದವರು 14.7 ತಿಂಗಳು ಬದುಕಿದರು. ಸಾರ್ಕೋಮಾದಲ್ಲಿ ದಶಕಗಳಿಂದ ಕಾಣದ ಅಂತರ ಅದು. 2016ರಲ್ಲಿ ಅಮೆರಿಕ ಅವಸರದ ಅನುಮತಿ ಕೊಟ್ಟಿತು. ಷರತ್ತಿನ ಪ್ರಕಾರ ದೊಡ್ಡ ಅಧ್ಯಯನವೂ ನಡೆಯಿತು, 509 ಮಂದಿ. 2019ರಲ್ಲಿ ಫಲಿತಾಂಶ ಬಂತು: ಮದ್ದು ಸೇರಿಸಿದವರಿಗೆ 20.4 ತಿಂಗಳು, ಸೇರಿಸದವರಿಗೆ 19.7. ಅಂತರ ಎಂಬುದೇ ಇಲ್ಲ. ಮದ್ದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು.

ಯಾಕೆ ಹೀಗಾಯಿತು? ಒಂದು, ಸಣ್ಣ ಅಧ್ಯಯನದಲ್ಲಿ ಹತ್ತಾರು ಬಗೆಯ ಸಾರ್ಕೋಮಾಗಳನ್ನು ಒಟ್ಟುಗೂಡಿಸಿದ್ದರು. ಎರಡು ಗುಂಪಿಗೆ ಯಾವ ಬಗೆ ಎಷ್ಟು ಬಿತ್ತು ಎಂಬ ಅದೃಷ್ಟವೇ ಫಲಿತಾಂಶ ಆಗಿಬಿಡಬಹುದು. ಇನ್ನೊಂದು, ಹೆಚ್ಚು ಮುಖ್ಯವಾದದ್ದು: ಗಡ್ಡೆಯಲ್ಲಿ ಒಂದು ಗ್ರಾಹಿ ಕಾಣಿಸುವುದು ಬೇರೆ, ಗಡ್ಡೆ ಅದನ್ನೇ ನಂಬಿ ಬದುಕುವುದು ಬೇರೆ. ಜಿಸ್ಟಿನಲ್ಲಿ ಕಿಟ್ ಕೆಟ್ಟು ಗಡ್ಡೆಯನ್ನು ಓಡಿಸುತ್ತಿತ್ತು. ಬೇರೆ ಬಹಳಷ್ಟು ಸಾರ್ಕೋಮಾಗಳಲ್ಲಿ ಪಿಡಿಜಿಎಫ್‌ಆರ್‌ಎ ಇತ್ತು, ಅಷ್ಟೆ. ಬಸ್ಸಿನಲ್ಲಿ ಕೂತವರೆಲ್ಲ ಡ್ರೈವರುಗಳಲ್ಲ. ಹಾಗಾಗಿ ‘ಈ ವಂಶವಾಹಿ ಗಡ್ಡೆಯಲ್ಲಿ ಹೆಚ್ಚು ಸಕ್ರಿಯವಾಗಿದೆ’ ಎಂಬ ಸುದ್ದಿಗೂ ‘ಇದನ್ನು ಆರಿಸಿದರೆ ಗಡ್ಡೆ ನಿಲ್ಲುತ್ತದೆ’ ಎಂಬ ಸುದ್ದಿಗೂ ಹಗಲು ರಾತ್ರಿಯ ವ್ಯತ್ಯಾಸ. ಎರಡನೆಯದನ್ನು ಗಾಜಿನ ತಟ್ಟೆಯ ಕೋಶಗಳಲ್ಲಿ ತೋರಿಸಿದ್ದಾರೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂದು ಸುದ್ದಿಯ ಕೊನೆಯ ಪ್ಯಾರಾದಲ್ಲಿ ಹುಡುಕಬೇಕು. ಸಾಮಾನ್ಯವಾಗಿ ಅದು ಅಲ್ಲೇ ಅಡಗಿರುತ್ತದೆ.

ಇನ್ನು ಕೆಲವು ಕಡೆ ಡ್ರೈವರು ಯಾರೆಂದು ಚೆನ್ನಾಗಿ ಗೊತ್ತು, ಹಿಡಿಯಲು ಜುಟ್ಟಿಲ್ಲ. ಹದಿಹರೆಯದವರಲ್ಲಿ, ಯುವಕರಲ್ಲಿ ಮೊಣಕಾಲಿನ ಸುತ್ತಮುತ್ತ ಹೆಚ್ಚಾಗಿ ಕಾಣುವ ಸೈನೋವಿಯಲ್ ಸಾರ್ಕೋಮಾದಲ್ಲಿ ಎಕ್ಸ್ ಮತ್ತು 18ನೆಯ ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಂಡು ಎಸ್‌ಎಸ್18-ಎಸ್‌ಎಸ್‌ಎಕ್ಸ್ ಎಂಬ ಬೆಸುಗೆ ವಂಶವಾಹಿ ಹುಟ್ಟುತ್ತದೆ. ಹೆಚ್ಚುಕಡಿಮೆ ಎಲ್ಲ ರೋಗಿಗಳಲ್ಲೂ ಅದೇ. ಆದರೆ ಅದು ಕೈನೇಸ್ ಅಲ್ಲ, ಗುಳಿಗೆ ಕೂರುವಂಥ ಸಂದು ಅದರಲ್ಲಿಲ್ಲ. ಯಾವ ವಂಶವಾಹಿಯನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ಕಡತವನ್ನೇ ಅದು ಅಸ್ತವ್ಯಸ್ತ ಮಾಡುತ್ತದೆ. ಮಕ್ಕಳ ರ‍್ಯಾಬ್ಡೊಮಯೊಸಾರ್ಕೋಮಾದ ಪ್ಯಾಕ್ಸ್3-ಫಾಕ್ಸೊ1 ಎಂಬ ಬೆಸುಗೆಯ ಪಾಡೂ ಅದೇ. ಅತ್ತ ಎನ್‌ಟಿಆರ್‌ಕೆ ಬೆಸುಗೆ ತೀರ ಅಪರೂಪ, ಆದರೆ ಸಿಕ್ಕಿದರೆ 2018ರಲ್ಲಿ ಅನುಮತಿ ಪಡೆದ ಲ್ಯಾರೊಟ್ರೆಕ್ಟಿನಿಬ್ ಚೆನ್ನಾಗಿ ನಾಟುತ್ತದೆ. ಸಾಮಾನ್ಯವಾದದ್ದಕ್ಕೆ ಗುಳಿಗೆ ಇಲ್ಲ, ಗುಳಿಗೆ ಇರುವುದು ಸಾಮಾನ್ಯವಲ್ಲ. ಸಾರ್ಕೋಮಾದ ಹಣೆಬರಹ ಸದ್ಯಕ್ಕೆ ಇದು. ಹೆಚ್ಚಿನವರಿಗೆ ಈಗಲೂ ಮುಖ್ಯ ಚಿಕಿತ್ಸೆ ಸರಿಯಾದ ಶಸ್ತ್ರಕ್ರಿಯೆ, ಜೊತೆಗೆ ವಿಕಿರಣ.

ಹಾಗಾದರೆ ಎಂಡೋಸಲ್ಫಾನ್?

ಕಾಸರಗೋಡಿನಲ್ಲಿ ಈ ಪ್ರಶ್ನೆಯನ್ನು ಬದಿಗಿಟ್ಟು ಕ್ಯಾನ್ಸರಿನ ಮಾತು ಮುಗಿಸಲಾಗದು. ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ವಿಷ ಸುರಿದದ್ದು ಇತಿಹಾಸ. ಪಡ್ರೆ, ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳಲ್ಲಿ ಬೆಟ್ಟದ ಮೇಲೆ ಗೇರು, ಇಳಿಜಾರಿನಲ್ಲಿ ನೀರಿಗಾಗಿ ಕೊರೆದ ಸುರಂಗ, ಕೆಳಗೆ ತೋಡು ಮತ್ತು ತೋಟ. ಮೇಲೆ ಬಿದ್ದದ್ದು ಕುಡಿಯುವ ನೀರಿಗೇ ಇಳಿಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೇ ಎಂಡೋಸಲ್ಫಾನನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಆದೇಶಿಸಿತು.

ವಂಶವಾಹಿಯ ಸುದ್ದಿ ಬಂದಾಗ ಇಲ್ಲಿ ಎರಡು ವಾದ ಏಳುತ್ತವೆ. ಕ್ಯಾನ್ಸರು ವಂಶವಾಹಿಯಿಂದ ಎಂದು ವಿಜ್ಞಾನವೇ ಹೇಳಿತಲ್ಲ, ಕೀಟನಾಶಕವನ್ನು ದೂರುವುದು ನಿಲ್ಲಿಸಿ ಎಂಬುದು ಒಂದು. ಇಂಥ ಸುದ್ದಿಗಳೇ ಹೊಣೆ ತಪ್ಪಿಸಲು ಹಬ್ಬಿಸಿದವು, ಇಲ್ಲಿನ ಕ್ಯಾನ್ಸರಿಗೆಲ್ಲ ಎಂಡೋಸಲ್ಫಾನೇ ಕಾರಣ ಎಂಬುದು ಇನ್ನೊಂದು. ಜಗಳವಾಡುವ ಎರಡೂ ಕಡೆಯವರು ಒಂದು ವಿಷಯದಲ್ಲಿ ಒಮ್ಮತದಲ್ಲಿದ್ದಾರೆ: ವಂಶವಾಹಿ ಅಥವಾ ವಿಷ, ಎರಡರಲ್ಲೊಂದು. ಆ ಒಮ್ಮತವೇ ತಪ್ಪು.

ಸ್ವಿಚ್ಚು ಸುಟ್ಟದ್ದರಿಂದ ಪಂಪು ನಿಲ್ಲಲಿಲ್ಲ ಎನ್ನುವುದು ‘ಹೇಗೆ’ ಎಂಬುದಕ್ಕೆ ಉತ್ತರ. ಸ್ವಿಚ್ಚು ಸಿಡಿಲಿಗೆ ಸುಟ್ಟಿತೋ, ಇಲಿ ತಂತಿ ಕಚ್ಚಿತೋ, ಹಳತಾಗಿ ತಾನೇ ಹೋಯಿತೋ ಎನ್ನುವುದು ‘ಯಾಕೆ’. ತಂಬಾಕು ಕ್ಯಾನ್ಸರ್ ತರುವುದೂ ವಂಶವಾಹಿಯನ್ನು ಕೆಡಿಸಿಯೇ. ಹಾಗಾಗಿ ಕೆಟ್ಟ ವಂಶವಾಹಿ ಸಿಕ್ಕಿತೆಂಬುದರಿಂದ ಯಾವ ವಿಷವೂ ಖುಲಾಸೆಯಾಗುವುದಿಲ್ಲ, ಯಾವ ವಿಷಕ್ಕೂ ಶಿಕ್ಷೆಯಾಗುವುದಿಲ್ಲ.

ಮೃದು ಅಂಗಾಂಶದ ಕ್ಯಾನ್ಸರಿಗೆ ಹೊರಗಿನ ಕಾರಣ ಎಂದು ಗಟ್ಟಿಯಾಗಿ ನಿಂತಿರುವವು ಕೆಲವೇ: ವಿಕಿರಣ, ಯಕೃತ್ತಿನ ರಕ್ತನಾಳದ ಸಾರ್ಕೋಮಾಕ್ಕೆ ವಿನೈಲ್ ಕ್ಲೋರೈಡ್. ವಿಯೆಟ್ನಾಮಿನಲ್ಲಿ ಅಮೆರಿಕದ ಸೇನೆ ಸುರಿದ ಕಳೆನಾಶಕಕ್ಕೂ ಸಾರ್ಕೋಮಾಕ್ಕೂ ಸಂಬಂಧ ಇದೆ ಎಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಯ ಸಮಿತಿ ಒಪ್ಪಿದೆ, ಅದರಲ್ಲಿ ಡಯಾಕ್ಸಿನ್ ಬೆರೆತಿತ್ತು. ಎಂಡೋಸಲ್ಫಾನ್ ಆ ಸಾಲಿನಲ್ಲಿಲ್ಲ. ಅದರ ಮುಖ್ಯ ಏಟು ಬೇರೆ ಕಡೆಗೆ. ನರಕೋಶಗಳನ್ನು ತಣ್ಣಗಿಡುವ ಗಾಬಾ ಎಂಬ ಗ್ರಾಹಿಯನ್ನು ಅದು ತಡೆಯುತ್ತದೆ, ಫಿಟ್ಸ್ ಬರುವುದು ಅದರಿಂದಲೇ. ವಿಚಿತ್ರ ಎಂದರೆ ಅದೂ ಒಂದು ಸಂಕೇತದ ಕಥೆಯೇ, ಬೆಳವಣಿಗೆಯದ್ದಲ್ಲ, ನರದ್ದು.

ಪಂಚಾಯತಿನ ಮಟ್ಟದಲ್ಲಿ ಲೆಕ್ಕ ಹಾಕಿ ತೀರ್ಮಾನಿಸೋಣ ಎಂದರೆ ಅಂಕಿಗಳೇ ಕೈಕೊಡುತ್ತವೆ. ಯುರೋಪಿನಲ್ಲಿ ಲಕ್ಷಕ್ಕೆ ವರ್ಷಕ್ಕೆ ನಾಲ್ಕೈದು ಮಂದಿಗೆ ಮೃದು ಅಂಗಾಂಶದ ಸಾರ್ಕೋಮಾ ಬರುತ್ತದೆ. ಅದೇ ಪ್ರಮಾಣ ಹಿಡಿದರೂ 25,000 ಜನರಿರುವ ಒಂದು ಪಂಚಾಯತಿನಲ್ಲಿ ವರ್ಷಕ್ಕೆ ಒಬ್ಬರು. ಒಂದು ವರ್ಷ ಯಾರೂ ಇಲ್ಲ, ಇನ್ನೊಂದು ವರ್ಷ ಮೂವರು ಎಂದಾಗಬಹುದು, ಎರಡೂ ಬರೀ ಆಕಸ್ಮಿಕವಾಗಿರಬಹುದು. ಬಿಸಿಲಿನ ಅತಿನೇರಳೆ ಕಿರಣದಂಥ ಕೆಲವು ಕಾರಣಗಳು ಗಡ್ಡೆಯ ಡಿಎನ್ಎಯಲ್ಲಿ ಬೆರಳಚ್ಚು ಬಿಟ್ಟುಹೋಗುತ್ತವೆ. ಆದರೆ ವರ್ಣತಂತು ಅದಲುಬದಲಾಗಿ ಹುಟ್ಟಿದ ಸಾರ್ಕೋಮಾಗಳಲ್ಲಿ ಬೇರೆ ಬದಲಾವಣೆಗಳೇ ಬಹಳ ಕಡಿಮೆ, ಬೆರಳಚ್ಚು ಓದಲು ಅಕ್ಷರಗಳೇ ಸಾಲುವುದಿಲ್ಲ.

ಸಂತ್ರಸ್ತರ ಹಕ್ಕು ಕ್ಯಾನ್ಸರಿನ ಈ ವಾದಕ್ಕೆ ಜೋತುಬಿದ್ದಿಲ್ಲ ಎಂಬುದನ್ನೂ ಹೇಳಬೇಕು. ಹಾಸಿಗೆ ಹಿಡಿದ ಮಕ್ಕಳಿಗೆ ಪರಿಹಾರ ಕೊಡಲು ಸಾರ್ಕೋಮಾದ ವಂಶವಾಹಿ ಪತ್ತೆಯಾಗುವವರೆಗೆ ಯಾರೂ ಕಾಯಬೇಕಿಲ್ಲ. ಆ ಎರಡನ್ನು ಗಂಟುಹಾಕಿದರೆ ಲಾಭವಾಗುವುದು ಕೊಡಬೇಕಾದವರಿಗೆ.

ಗಡಿ ದಾಟುವ ಮೇಣದ ತುಂಡು

ಈ ವಿಜ್ಞಾನದಿಂದ ಇಲ್ಲಿನ ರೋಗಿಗೆ ಇವತ್ತು ಆಗುವ ಉಪಯೋಗ ಮದ್ದಿಗಿಂತ ಮೊದಲು ಪರೀಕ್ಷೆಯಲ್ಲಿದೆ. ಹೆಸರು ಸರಿಯಾಗಿ ಇಡದಿದ್ದರೆ ಮುಂದಿನದೆಲ್ಲ ತಪ್ಪು. ಎಪ್ಪತ್ತು ಬಗೆಗಳನ್ನು ಸೂಕ್ಷ್ಮದರ್ಶಕದಲ್ಲಿ ಮಾತ್ರ ನೋಡಿ ಬಿಡಿಸುವುದು ನುರಿತವರಿಗೂ ಕಷ್ಟ, ಅಲ್ಲಿ ಬೆಸುಗೆ ವಂಶವಾಹಿಯ ಪರೀಕ್ಷೆ ಗುರುತಿನ ಚೀಟಿಯಂತೆ ಕೆಲಸಕ್ಕೆ ಬರುತ್ತದೆ.

ಸಾಮಾನ್ಯವಾಗಿ ಕೆಡುವುದು ಮೊದಲ ಹೆಜ್ಜೆಯಲ್ಲೇ. ಕೊಬ್ಬಿನ ಗಂಟು ಎಂದುಕೊಂಡು ಸಣ್ಣ ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆಯಲ್ಲಿ ತೆಗೆಸಿಬಿಡುತ್ತಾರೆ. ತೆಗೆದದ್ದನ್ನು ಪರೀಕ್ಷೆಗೆ ಕಳುಹಿಸದೆ ಎಸೆದರೆ ಸಾಕ್ಷಿಯೇ ಹೋಯಿತು. ಕ್ಯಾನ್ಸರಾಗಿದ್ದರೆ ಅದರ ಅಂಚು ಒಳಗೇ ಉಳಿದಿರುತ್ತದೆ, ಎರಡನೆಯ ಶಸ್ತ್ರಕ್ರಿಯೆ ಇನ್ನೂ ದೊಡ್ಡದಾಗುತ್ತದೆ. ದೊಡ್ಡ ಅಥವಾ ಆಳದ ಗಂಟಾದರೆ ಮೊದಲು ಎಂಆರ್‌ಐ, ಆಮೇಲೆ ಸೂಜಿಯಲ್ಲಿ ಒಂದೆರಡು ಎಳೆ ತೆಗೆದು ಬಯಾಪ್ಸಿ, ಅದರ ನಂತರ ಕತ್ತಿ ಎಂಬುದು ಕ್ರಮ. ಸೂಜಿ ಮುಟ್ಟಿದರೆ ಕ್ಯಾನ್ಸರು ಹರಡುತ್ತದೆ ಎಂಬ ಹಳೆಯ ಹೆದರಿಕೆ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಮುಂದೆ ಶಸ್ತ್ರಕ್ರಿಯೆ ಮಾಡುವವರೇ ಸೂಜಿಯ ದಾರಿಯನ್ನೂ ನಿರ್ಧರಿಸಿದರೆ ಆ ಅಪಾಯ ತೀರ ಕಡಿಮೆ.

ತೆಗೆದ ಎಳೆಯನ್ನು ಫಾರ್ಮಲಿನ್ನಿನಲ್ಲಿ ಅದ್ದಿ, ಕೊನೆಗೆ ಹೆಬ್ಬೆರಳಿನ ಗಾತ್ರದ ಮೇಣದ ತುಂಡಿನಲ್ಲಿ ಹುದುಗಿಸಿ ಇಡುತ್ತಾರೆ. ಬ್ಲಾಕ್ ಎನ್ನುವುದು ಇದನ್ನೇ. ಕಿಟ್ ಪರೀಕ್ಷೆ, ಎಸ್‌ಎಸ್18 ಪರೀಕ್ಷೆ, ಎನ್‌ಟಿಆರ್‌ಕೆ ಪರೀಕ್ಷೆ ಎಲ್ಲವನ್ನೂ ಮತ್ತೆ ದೇಹಕ್ಕೆ ಚುಚ್ಚದೆ ಈ ತುಂಡಿನಿಂದಲೇ ಮಾಡಬಹುದು. ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಜಿಲ್ಲೆಯವರ ಚಿಕಿತ್ಸೆ ಒಂದೇ ಊರಲ್ಲಿ ನಡೆಯುವುದು ಕಡಿಮೆ. ಬಯಾಪ್ಸಿ ಮಂಗಳೂರಿನಲ್ಲಿ, ಕೀಮೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ, ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ ಅಥವಾ ತಿರುವನಂತಪುರದ ಕ್ಯಾನ್ಸರ್ ಆಸ್ಪತ್ರೆ ಆರ್‌ಸಿಸಿ. 2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಈ ದಾರಿ ಎಷ್ಟು ಬಡಕಲು ಎಂದು ಎಲ್ಲರಿಗೂ ಕಂಡಿತು. ಫೈಲಿನ ಜೊತೆ ಬ್ಲಾಕನ್ನೂ ಸ್ಲೈಡುಗಳನ್ನೂ ಕೇಳಿ ಪಡೆದುಕೊಂಡರೆ ಮುಂದಿನ ಊರಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುವುದು ತಪ್ಪುತ್ತದೆ. ಕೇಳದಿದ್ದರೆ ಅದಾಗಿ ಯಾರೂ ಕೊಡುವುದಿಲ್ಲ.

ವಂಶವಾಹಿ ಪರೀಕ್ಷೆ ಎಲ್ಲರಿಗೂ ಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಎರಡು ಮಾತಿದೆ. ಒಂದೇ ಸಲ ನೂರಾರು ವಂಶವಾಹಿ ನೋಡುವ ದುಬಾರಿ ಪರೀಕ್ಷೆಯನ್ನು ಮೊದಲೇ ಮಾಡಿಸಿ ಎನ್ನುವವರಿದ್ದಾರೆ. ಬಣ್ಣ ಹಚ್ಚಿ ನೋಡುವ ಅಗ್ಗದ ಪರೀಕ್ಷೆಯಿಂದ ಶುರು ಮಾಡಿ, ಫಲಿತಾಂಶ ಚಿಕಿತ್ಸೆಯನ್ನು ಬದಲಿಸುವಂತಿದ್ದರೆ ಮಾತ್ರ ಮುಂದಕ್ಕೆ ಹೋಗಿ ಎನ್ನುವವರಿದ್ದಾರೆ. ಕೈಯಿಂದ ಹಣ ಹಾಕುವ ಮನೆಗಳಿಗೆ ಎರಡನೆಯದೇ ಸರಿ ಎಂದು ತೋರುತ್ತದೆ. ಪರೀಕ್ಷೆಗೆ ಒಪ್ಪುವ ಮೊದಲು, ಫಲಿತಾಂಶ ಹೀಗೆ ಬಂದರೆ ಯಾವ ಮದ್ದು, ಹಾಗೆ ಬಂದರೆ ಯಾವ ಮದ್ದು ಎಂದು ಕೇಳಬಹುದು. ಎರಡಕ್ಕೂ ಒಂದೇ ಉತ್ತರ ಬಂದರೆ ಆ ಹಣವನ್ನು ಬೇರೆಯದಕ್ಕೆ ಇಟ್ಟುಕೊಳ್ಳಬಹುದು.

ವರದಿ ಕೈಗೆ ಬಂದಾಗ ಅದು ಇಂಗ್ಲಿಷಿನಲ್ಲಿರುತ್ತದೆ. ಕನ್ನಡದ ಗೊಂದಲ ಅಲ್ಲಿಲ್ಲ, ಎರಡಕ್ಕೂ ಬೇರೆ ಬೇರೆ ಪದ ಇದೆ. ಸೊಮ್ಯಾಟಿಕ್ ಎಂದಿದ್ದರೆ ಬದಲಾವಣೆ ಗಡ್ಡೆಯಲ್ಲಿ ಮಾತ್ರ. ಜರ್ಮ್‌ಲೈನ್ ಎಂದಿದ್ದರೆ ಹುಟ್ಟಿನಿಂದ ಬಂದದ್ದು, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ರಕ್ತಪರೀಕ್ಷೆಯ ಬಗ್ಗೆ ವೈದ್ಯರ ಹತ್ತಿರ ಮಾತಾಡಬೇಕು. ಗಡ್ಡೆಯ ತುಂಡನ್ನು ಮಾತ್ರ ಪರೀಕ್ಷಿಸಿದ್ದರೆ ಎರಡರಲ್ಲಿ ಯಾವುದು ಎಂದು ಖಚಿತವಾಗದೆಯೂ ಇರಬಹುದು, ಆಗ ರಕ್ತವನ್ನೂ ನೋಡಿ ಎಂದು ಕೇಳಬೇಕು. ಸೊಮ್ಯಾಟಿಕ್ ಎಂದು ಖಚಿತವಾದ ಮನೆಯವರು ಮದುವೆಯ ಮಾತುಕತೆಗೆ ಬಂದವರೆದುರು ಆ ಫೈಲನ್ನು ಅಟ್ಟದಲ್ಲಿ ಅಡಗಿಸಬೇಕಾಗಿಲ್ಲ.